ಬಿಟ್ಟು ಹೋದವರು ಯಾರು?

ನಿಷ್ಠೆಯ ಮಾತು ಬಂದಾಗಲೆಲ್ಲ ನಮಗೆ ನಾಯಿ ನೆನಪಾಗುತ್ತದೆ. ಉಂಡ ಮನೆಯ ಋಣವನ್ನು ಮರೆಯದ ಪ್ರಾಣಿಯೆಂದು ಅದನ್ನು ಹೊಗಳುತ್ತೇವೆ. ಯಾರನ್ನಾದರೂ ಬೈಯಬೇಕಾದಾಗ ಅದೇ ಬಾಯಿಂದ 'ನಾಯಿ' ಎನ್ನುತ್ತೇವೆ. ಹೊಗಳಿಕೆಗೂ ಬೈಗುಳಕ್ಕೂ ಒಂದೇ ಪ್ರಾಣಿಯನ್ನು ಬಳಸುವ ನಾವು ಅದರ ವಿಷಯದಲ್ಲಿ ಏನನ್ನೋ ಮುಚ್ಚಿಟ್ಟುಕೊಂಡಿದ್ದೇವೆ ಎಂಬ ಗುಮಾನಿ ನನಗೆ ಬಹುದಿನಗಳಿಂದ ಇತ್ತು. ಕಳೆದ ಬೇಸಿಗೆಯ ರಜೆಯಲ್ಲಿ ಮಗಳ ಜೊತೆ ಕುಳಿತು ಅಮೆರಿಕದ ಹಳೆಯ ಟೆಲಿವಿಷನ್ ನಾಟಕವೊಂದರ ಕಂತುಗಳನ್ನು ನೋಡುತ್ತಿದ್ದಾಗ ಆ ಗುಮಾನಿಗೆ ಒಂದು ಆಕಾರ ಬಂತು.

ನಾಟಕದ ಹೆಸರು 'ಲ್ಯಾಸಿ'. ಅದರ ಮೊದಲ ಕಂತು ಸಿಬಿಎಸ್ ಜಾಲದಲ್ಲಿ ಪ್ರಸಾರವಾದದ್ದು 1954ರ ಸೆಪ್ಟೆಂಬರ್ 12ರಂದು. ಟೆಲಿವಿಷನ್ ಪೆಟ್ಟಿಗೆ ಅಮೆರಿಕದ ಮನೆಗಳ ನಡುಕೋಣೆಗೆ ಹೊಸದಾಗಿ ಬಂದು ಕುಳಿತಿದ್ದ ಕಾಲ ಅದು. ಭಾನುವಾರ ಸಂಜೆ ಅರ್ಧ ಗಂಟೆಯ ಒಂದು ಕತೆ. ಕಥಾನಾಯಕ ಮನುಷ್ಯನಲ್ಲ, ಕೋಲಿ ಜಾತಿಯ ಒಂದು ನಾಯಿ. ಹುಡುಗ ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾನೆ, ನಾಯಿ ಓಡಿಹೋಗಿ ದೊಡ್ಡವರನ್ನು ಕರೆತರುತ್ತದೆ, ಕೊನೆಗೆ ಎಲ್ಲರೂ ನೆಮ್ಮದಿಯಾಗಿ ಮನೆ ಸೇರುತ್ತಾರೆ. ಇಷ್ಟು ಸರಳವಾದ ಕತೆ ಬಗೆಬಗೆಯಾಗಿ 19 ವರ್ಷ ನಡೆಯಿತು. 1973ರಲ್ಲಿ ನಿಲ್ಲುವ ಹೊತ್ತಿಗೆ ಕಂತುಗಳ ಸಂಖ್ಯೆ 600ರ ಸಮೀಪಕ್ಕೆ ಬಂದಿತ್ತು.

ಈ ನಾಯಿಯನ್ನು ಸೃಷ್ಟಿಸಿದವನು ಎರಿಕ್ ನೈಟ್. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೇಖಕ. ಅವನ 'ಲ್ಯಾಸಿ ಕಮ್ ಹೋಮ್' 1938ರಲ್ಲಿ ಸಣ್ಣಕತೆಯಾಗಿಯೂ 1940ರಲ್ಲಿ ಕಾದಂಬರಿಯಾಗಿಯೂ ಪ್ರಕಟವಾಯಿತು. ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬ, ಮನೆಯ ಒಲೆ ಉರಿಯಬೇಕಾದ್ದರಿಂದ ನಾಯಿಯನ್ನು ಶ್ರೀಮಂತನೊಬ್ಬನಿಗೆ ಮಾರುತ್ತಾನೆ. ಆತ ಅದನ್ನು ದೂರದ ಸ್ಕಾಟ್ಲೆಂಡಿಗೆ ಸಾಗಿಸುತ್ತಾನೆ. ನಾಯಿ ತಪ್ಪಿಸಿಕೊಂಡು ನೂರಾರು ಮೈಲಿ ನಡೆದು, ದಿನವೂ ತನ್ನ ಹುಡುಗನಿಗಾಗಿ ಕಾಯುತ್ತಿದ್ದ ಶಾಲೆಯ ಬಳಿಗೇ ಬಂದು ಸೇರುತ್ತದೆ. ಜನ ಈ ಕತೆಯಲ್ಲಿ ನೆನಪಿಟ್ಟುಕೊಂಡದ್ದು ನಾಯಿಯ ನಡಿಗೆಯನ್ನು. ಆ ನಡಿಗೆ ಏಕೆ ಬೇಕಾಯಿತು ಎಂಬುದನ್ನಲ್ಲ. ನೈಟ್ ಮಾತ್ರ ಅದನ್ನು ಮರೆತಿರಲಿಲ್ಲ. ಅವನ ಪುಸ್ತಕದಲ್ಲಿ ಹಸಿವು ಇದೆ; ಮಾರಿದ ಮೇಲೆ ಮಾರಿದಂತೆಯೇ ಎನ್ನುವ ಬಡವನ ಪ್ರಾಮಾಣಿಕತೆ ಇದೆ; ಮಗನೆದುರು ತಲೆಯೆತ್ತಲಾರದ ತಂದೆಯ ಸಂಕಟ ಇದೆ.

1943ರಲ್ಲಿ ಆ ಕಾದಂಬರಿ ಚಲನಚಿತ್ರವಾದಾಗ ಲ್ಯಾಸಿಯ ಪಾತ್ರ ವಹಿಸಿದ್ದು ಪಾಲ್ ಎಂಬ ಗಂಡುನಾಯಿ. ಅದು ಹಗಲಿರುಳು ಬೊಗಳುತ್ತಿತ್ತಂತೆ, ಮೋಟಾರ್ ಸೈಕಲ್ ಕಂಡರೆ ಬೆನ್ನಟ್ಟುತ್ತಿತ್ತಂತೆ. ಆ ಚಾಳಿ ಬಿಡಿಸಿಕೊಡಿ ಎಂದು ಅದರ ಒಡೆಯ ರಡ್ ವೆದರ್‌ವ್ಯಾಕ್ಸ್ ಎಂಬ ತರಬೇತುದಾರನ ಬಳಿಗೆ ಅದನ್ನು ತಂದ. ಕೊನೆಗೆ, ಕೊಡಬೇಕಾಗಿದ್ದ ಶುಲ್ಕಕ್ಕೆ ಬದಲಾಗಿ ನಾಯಿಯನ್ನೇ ಬಿಟ್ಟು ಹೋದ. ಮುಂದೆ ಟೆಲಿವಿಷನ್ನಿನಲ್ಲಿ ಲ್ಯಾಸಿಯಾಗಿ ನಟಿಸಿದ ನಾಯಿಗಳು ಇದೇ ಪಾಲ್‌ನ ಸಂತತಿ. ಜಗತ್ತಿಗೆಲ್ಲ ನಿಷ್ಠೆಯ ಪಾಠ ಹೇಳಿದ ವಂಶದ ಮೂಲಪುರುಷ, ಒಡೆಯ ಬೇಡವೆಂದು ಬಿಟ್ಟ ಒಂದು ನಾಯಿ!

ಇನ್ನು ನಾಟಕದ ಕತೆಯನ್ನೇ ಸ್ವಲ್ಪ ಗಮನಿಸೋಣ. ಮೊದಲ ಕಂತಿನಲ್ಲಿ ನೆರೆಯವನೊಬ್ಬ ಸತ್ತು, ಲ್ಯಾಸಿ ಜೆಫ್ ಎಂಬ ಹುಡುಗನ ಪಾಲಿಗೆ ಬರುತ್ತದೆ. ಮೂರು ವರ್ಷ ಅವರಿಬ್ಬರ ಸ್ನೇಹವನ್ನು ನಾಡೆಲ್ಲ ನೋಡುತ್ತದೆ. 1957ರಲ್ಲಿ ಜೆಫ್‌ನ ಅಜ್ಜ ತೀರಿಕೊಳ್ಳುತ್ತಾನೆ. ತಾಯಿ ಜಮೀನು ಮಾರಿ ಮಗನೊಡನೆ ಪಟ್ಟಣಕ್ಕೆ ಹೊರಡುತ್ತಾಳೆ. ನಾಯಿ ಹಳ್ಳಿಯಲ್ಲೇ ಟಿಮ್ಮಿ ಎಂಬ ಅನಾಥ ಬಾಲಕನ ಬಳಿ ಉಳಿಯುತ್ತದೆ. ಏಳು ವರ್ಷದ ಮೇಲೆ, 1964ರಲ್ಲಿ, ಟಿಮ್ಮಿಯೂ ಅವನ ಸಾಕುತಂದೆತಾಯಿಯರೂ ಆಸ್ಟ್ರೇಲಿಯಕ್ಕೆ ಹೊರಡುತ್ತಾರೆ. ಅಲ್ಲಿಯ ಕ್ವಾರಂಟೈನ್ ಕಾನೂನು ನಾಯಿಗೆ ಅಡ್ಡ ಬರುತ್ತದೆ. ಲ್ಯಾಸಿ ಮತ್ತೆ ಹಿಂದೆ ಉಳಿಯುತ್ತದೆ. ಅರಣ್ಯಾಧಿಕಾರಿಯೊಬ್ಬನ ಕೈ ಸೇರುತ್ತದೆ. ಕೆಲವು ವರ್ಷಗಳಲ್ಲಿ ಅವನೂ ಗಾಯಗೊಂಡು ಕತೆಯಿಂದ ಮರೆಯಾಗುತ್ತಾನೆ. ಇದಕ್ಕೆಲ್ಲ ನಾಟಕದ ಹೊರಗಿನ ಕಾರಣಗಳಿದ್ದವು, ನಿಜ. ಬಾಲನಟರು ಬೆಳೆದುಬಿಡುತ್ತಾರೆ, ಅಜ್ಜನ ಪಾತ್ರಧಾರಿ ನಿಜವಾಗಿಯೇ 1957ರಲ್ಲಿ ತೀರಿಕೊಂಡಿದ್ದ. ಆದರೂ ಒಟ್ಟು ಕತೆಯನ್ನು ಒಮ್ಮೆಗೆ ನೋಡಿದರೆ ಕಾಣುವುದೇನು? ನಾಯಿ ಯಾರನ್ನೂ ಬಿಟ್ಟು ಹೋಗಲಿಲ್ಲ. ಮನುಷ್ಯರೇ ಒಬ್ಬರಾದ ಮೇಲೊಬ್ಬರು ಅದನ್ನು ಬಿಟ್ಟು ಹೋದರು, ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಕಾರಣ ಹಿಡಿದುಕೊಂಡು. ಹೀಗಿದ್ದೂ ಇದು ನಾಯಿಯ ನಿಷ್ಠೆಯ ಕತೆಯೆಂದೇ ಪ್ರಸಿದ್ಧವಾಯಿತು. ಮನುಷ್ಯರ ನಿಷ್ಠೆಯ ಪ್ರಶ್ನೆ ಏಳಲೇ ಇಲ್ಲ.

ಜೆಫ್ ಊರು ಬಿಡುವ ಸಂಗತಿ ಬಂದಾಗ ನನ್ನ ಮಗಳು ಕೇಳಿದಳು: "ಅಪ್ಪ, ಅವನು ಯಾಕೆ ಹೋಗ್ತಿದಾನೆ ಅಂತ ಲ್ಯಾಸಿಗೆ ಯಾರು ಹೇಳ್ತಾರೆ?"

ನಾನು ಉತ್ತರ ಕೊಡಲಿಲ್ಲ. ನನಗೆ ಕರಿಯನ ನೆನಪಾಗಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದಾಗ ತಂದೆಗೆ ಶಿವಮೊಗ್ಗದಿಂದ ಮೈಸೂರಿಗೆ ವರ್ಗವಾಯಿತು. ಶಿವಮೊಗ್ಗದಲ್ಲಿ ನಮ್ಮದು ಹಿತ್ತಿಲು, ಬಾವಿ, ಹಲಸಿನ ಮರ ಇದ್ದ ಮನೆ. ಮೈಸೂರಿನಲ್ಲಿ ಸಿಕ್ಕಿದ್ದು ಮಹಡಿಯ ಮೇಲಿನ ಎರಡು ಕೋಣೆ. ಕರಿಯನನ್ನು 20 ಕಿಲೋಮೀಟರ್ ದೂರದ ಚಿಕ್ಕಪ್ಪನ ತೋಟಕ್ಕೆ ಬಿಟ್ಟೆವು. "ಅಲ್ಲಿ ಅದು ಹಾಯಾಗಿರುತ್ತೆ ಕಣೋ, ಓಡಾಡಕ್ಕೆ ಜಾಗ ಇದೆ" ಎಂದರು ತಂದೆ. ಮಾತು ಸುಳ್ಳಲ್ಲ. ಆದರೆ ಹದಿನೈದು ದಿನಕ್ಕೆ ನೆರೆಮನೆಯವರಿಂದ ಕಾಗದ ಬಂತು: ನಿಮ್ಮ ನಾಯಿ ಬಂದು ಗೇಟಿನ ಮುಂದೆ ಕುಳಿತಿದೆ, ಹೊಸ ಬಾಡಿಗೆಯವರು ಓಡಿಸಿದರೂ ಹೋಗುತ್ತಿಲ್ಲ. ತಂದೆ ಚಿಕ್ಕಪ್ಪನಿಗೆ ಕಾಗದ ಬರೆದರು. ಚಿಕ್ಕಪ್ಪ ಹೋಗುವ ಹೊತ್ತಿಗೆ ಅದು ಅಲ್ಲಿರಲಿಲ್ಲ. ನಾನು ಅತ್ತೆ, ನಿಜ; ಎರಡು ದಿನ. ಆಮೇಲೆ ಹೊಸ ಶಾಲೆ, ಹೊಸ ಗೆಳೆಯರು, ಕ್ರಿಕೆಟ್.

ನಾಚಿಕೆಯ ಮಾತು ಇದಲ್ಲ. ಹುಡುಗನ ಮರೆವನ್ನು ಕ್ಷಮಿಸಬಹುದು. ನಾಚಿಕೆಯ ಮಾತೆಂದರೆ, ಮೇಷ್ಟರಾದ ಮೇಲೆ ಇದೇ ಕತೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ: ನಮ್ಮ ಮನೆಯ ನಾಯಿ 20 ಕಿಲೋಮೀಟರ್ ನಡೆದು ಬಂತು, ನಿಷ್ಠೆಯೆಂದರೆ ಅದು, ಎಂದು. ವಿದ್ಯಾರ್ಥಿಗಳು ತಲೆದೂಗಿದ್ದಾರೆ. ನನಗೂ ಏನೋ ಹೆಮ್ಮೆ. ಅದು ಬಂದು ಕುಳಿತ ಗೇಟಿನ ಒಳಗೆ ನಾವು ಇರಲಿಲ್ಲವೆಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ನಾಯಿಯ ನಿಷ್ಠೆಯನ್ನು ನಾವು ಏಕೆ ಅಷ್ಟು ಹಾಡಿ ಹೊಗಳುತ್ತೇವೆ ಎಂಬುದು ಆಗ ಹೊಳೆಯಿತು. ಹೊಗಳಿದಷ್ಟೂ ನಮ್ಮ ಕಡೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಓದುಗರು ಆಕ್ಷೇಪಿಸಬಹುದು: ಬದುಕು ನಮ್ಮನ್ನು ಊರಿಂದೂರಿಗೆ ಎಸೆಯುತ್ತಿರುವಾಗ ನಾಯಿಯೊಂದಕ್ಕಾಗಿ ಕೆಲಸ ಬಿಡಲಾದೀತೆ? ಆಗದು. ಲ್ಯಾಸಿಯನ್ನು ನೋಡುತ್ತಿದ್ದ ಅಮೆರಿಕನ್ನರ ಸ್ಥಿತಿಯೂ ಇದೇ ಆಗಿತ್ತು. 1950ರಲ್ಲಿ ಅಲ್ಲಿ ಬೇಸಾಯದ ಮನೆಗಳಲ್ಲಿ ಇದ್ದವರು ಸುಮಾರು 2.3 ಕೋಟಿ, 1970ರ ಹೊತ್ತಿಗೆ ಅವರ ಸಂಖ್ಯೆ ಒಂದು ಕೋಟಿಗೂ ಕೆಳಗಿಳಿದಿತ್ತು. ನೆಲ ಬಿಟ್ಟು ಪಟ್ಟಣ ಸೇರಿದವರು ಭಾನುವಾರ ಸಂಜೆ ಕುಳಿತು, ಹಳ್ಳಿಯಲ್ಲೇ ಉಳಿದ ನಾಯಿಯೊಂದನ್ನು ಕಣ್ತುಂಬ ನೋಡುತ್ತಿದ್ದರು. ಅವರನ್ನು ಹಂಗಿಸುವ ಯೋಗ್ಯತೆ ನನಗಿಲ್ಲ.

ಆದರೆ ಅಗಲುವುದು ಅನಿವಾರ್ಯವಾದ ಮಾತ್ರಕ್ಕೆ ಋಣ ತೀರಿತೆ? ಮನುಷ್ಯರು ಮನುಷ್ಯರನ್ನು ಅಗಲುವಾಗ ಕಾರಣ ಹೇಳಬಹುದು, ಕ್ಷಮೆ ಕೇಳಬಹುದು, ಮತ್ತೆ ಬರುತ್ತೇನೆನ್ನಬಹುದು. ಹೇಳಿದ ಕಾರಣ ಎದುರಿನವರನ್ನು ತಲುಪಿ ಅವರ ನೋವನ್ನು ಅಷ್ಟಿಷ್ಟು ಹಗುರ ಮಾಡುತ್ತದೆ. ನಾಯಿಗೆ ವರ್ಗದ ಆದೇಶವನ್ನು ಓದಿ ಹೇಳುವುದು ಹೇಗೆ? ಅದಕ್ಕೆ ತಿಳಿಯುವುದು ಒಂದೇ: ಇದ್ದವರು ಈಗ ಇಲ್ಲ. ನಮ್ಮ ಕಾರಣ ಎಷ್ಟೇ ನ್ಯಾಯವಾಗಿರಲಿ, ಅದರಿಂದ ಸಮಾಧಾನವಾಗುವುದು ನಮಗೆ, ಅದಕ್ಕಲ್ಲ. ಆದ್ದರಿಂದ ಯಾರಿಗೆ ನಮ್ಮ ನೆಪಗಳನ್ನು ವಿವರಿಸಲಾಗದೊ ಅವರ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು. ಎಳೆಯ ಮಕ್ಕಳ ಮಾತೂ ಇದೇ. ನೆನಪು ಮಾಸಿದ ಮುದುಕರ ಮಾತೂ ಇದೇ. ವ್ಯವಹಾರದಲ್ಲಿ ನಾವು ಮಾಡುವುದು ಇದಕ್ಕೆ ವಿರುದ್ಧ. ಕೇಳಲು ಬಾಯಿಲ್ಲದವರನ್ನು ಬಿಡುವುದೇ ಎಲ್ಲಕ್ಕಿಂತ ಸುಲಭ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ಒಂದು ನಾಯಿ ನಡೆದು ಬಂದುದು ಎಲ್ಲರಿಗೂ ಗೊತ್ತು. ನಾಯಿಯನ್ನು ಬಿಟ್ಟು ರಥವನ್ನೇರು ಎಂದಾಗ ಅವನು ಒಪ್ಪಲಿಲ್ಲ. ಆ ಕತೆಯಲ್ಲಿ ಪರೀಕ್ಷೆ ನಡೆದದ್ದು ನಾಯಿಗಲ್ಲ, ಮನುಷ್ಯನಿಗೆ. ಸ್ವರ್ಗಕ್ಕಿಂತ ಒಳ್ಳೆಯ ಕಾರಣ ಇನ್ನೇನಿದ್ದೀತು? ಅದೂ ಅವನಿಗೆ ಸಾಲಲಿಲ್ಲ. ಲ್ಯಾಸಿಯಲ್ಲಿ ಮಾತ್ರ ಪರೀಕ್ಷೆ ಯಾವಾಗಲೂ ನಾಯಿಗೇ. ಅದು ಪ್ರತಿ ವಾರವೂ ಗೆದ್ದಿತು.

ಧರ್ಮರಾಯನಷ್ಟು ಎತ್ತರ ನಮಗೆ ನಿಲುಕದು. ಹೋಗಿ ನೋಡಿಬರುವುದಾದರೂ ಸಾಧ್ಯವಿತ್ತಲ್ಲ? ಮೈಸೂರಿನಿಂದ ಶಿವಮೊಗ್ಗಕ್ಕೆ ಒಂದು ರಾತ್ರಿಯ ಪ್ರಯಾಣ. ಕರಿಯ ನಡೆದೇ ಬಂದಿತ್ತು, ನಮಗೆ ಬಸ್ಸಿತ್ತು.

ಮಗಳು ಈಗ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ನಾನು ಇನ್ನೂ ಹೂಂ ಎಂದಿಲ್ಲ. ಖರ್ಚಿನ ಯೋಚನೆಯೆಂದು ಮನೆಯಲ್ಲಿ ತಿಳಿದಿದ್ದಾರೆ. ನನ್ನ ಯೋಚನೆ ಬೇರೆ. ಮರಿಯನ್ನು ತಂದ ದಿನವೇ ಒಂದು ಮಾತು ಕೊಟ್ಟಂತಾಗುತ್ತದೆ. ಆ ಮಾತನ್ನು ತಿರುಗಿಸಿ ಹೇಳಲು ಅದರ ಬಳಿ ಭಾಷೆ ಇರುವುದಿಲ್ಲ.