ಡೈರಿಗೆ ಹಾಕುವ ಮುಂಚಿನ ಒಂದು ಲೋಟ

ಹೋದ ಬೇಸಗೆಯಲ್ಲಿ ನಮ್ಮ ಸೋದರತ್ತೆ ಹಿತ್ತಿಲಿಂದ ಬರುವಾಗ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಕಾದ ಚಪ್ಪಡಿ ಕಲ್ಲಿನ ಮೇಲೆ ಬರಿಗಾಲಲ್ಲೇ ನಡೆದು ಬಂದು ಜಗಲಿಯಲ್ಲಿ ಕೂತರು. “ಚಪ್ಪಲಿ ಎಲ್ಲತ್ತೆ?” ಎಂದರೆ ಕಾಲು ನೋಡಿಕೊಂಡು, “ಜೋಮು ಹಿಡ್ದಂಗಿರ್ತದೆ ಕಣಪ್ಪ, ವಯಸ್ಸಾಯ್ತಲ್ಲ” ಎಂದರು. ಅವರಿಗಿನ್ನೂ ಐವತ್ತೆಂಟು.

‘ರಕ್ತ ಕಮ್ಮಿ’ ಎಂದು ಒಂದು ವರ್ಷದಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರು. ಜತೆಗೆ ಬೀಟ್‌ರೂಟು, ಖರ್ಜೂರ. ಸುಸ್ತು ಮಾತ್ರ ಹಾಗೇ ಇತ್ತು. ನಾಲಿಗೆ ಕೆಂಪಗೆ ನುಣ್ಣಗಾಗಿ, ಆರಿದ ಸಾರು ತಾಗಿದರೂ ಉರಿಯುತ್ತಿತ್ತು. ಕಡೆಗೆ ಪರೀಕ್ಷೆ ಮಾಡಿಸಿದರೆ ರಕ್ತದ ಕೆಂಪು ಕಣಗಳು ಇರಬೇಕಾದ್ದಕ್ಕಿಂತ ದಪ್ಪ. ಕಬ್ಬಿಣ ಸಾಲದೆ ಹೋದರೆ ಕಣ ಸಣ್ಣದಾಗುತ್ತದೆ; ಬಿ12 ಅಥವಾ ಫೋಲಿಕ್ ಆಸಿಡ್ ಸಾಲದಿದ್ದರೆ ದಪ್ಪವಾಗುತ್ತದೆ. ಅತ್ತೆಗೆ ಸಾಲದೆ ಹೋದದ್ದು ಬಿ12.

ಫೋಲಿಕ್ ಆಸಿಡ್ಡಿಗೆ ನಮ್ಮ ಅಡುಗೆಮನೆಯಲ್ಲಿ ಬರವಿಲ್ಲ. 1928ರಲ್ಲಿ ಮುಂಬೈಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ರಕ್ತಹೀನತೆಯಿಂದ ಸೊರಗಿದ್ದ ಬಡ ಬಸುರಿಯರಿಗೆ ಯೀಸ್ಟಿನ ಸಾರ ತಿನ್ನಿಸಿ ಗುಣವಾಗುವುದನ್ನು ಕಂಡರು. ಅದರೊಳಗಿದ್ದ ಸತ್ವವೇ ಫೋಲಿಕ್ ಆಸಿಡ್; 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಆ ಹೆಸರಿಟ್ಟರು. ಸೊಪ್ಪು ಕಾಳು ಬೇಯಿಸಿದಾಗ ಇದು ನೀರಿಗೆ ಇಳಿಯುತ್ತದೆ, ಬಹಳ ಹೊತ್ತು ಕುದಿಸಿದರೆ ಹಾಳಾಗುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡಿದ ನಮ್ಮ ಅಜ್ಜಿಯರ ಕೈಗೆ ನಾನು ಮುಗಿಯುತ್ತೇನೆ.

ಆದರೆ ಬಿ12 ಯಾವ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಹಾಲು ಮೊಸರೇ ಗತಿ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೊಗ್ರಾಂಗಿಂತ ಚೂರು ಹೆಚ್ಚು, ಅಷ್ಟೇ. ಅಷ್ಟೂ ಅತ್ತೆಗೆ ಸಿಕ್ಕಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸು. ಕರೆದ ಹಾಲು ಕ್ಯಾನಿಗೆ, ಕ್ಯಾನು ಡೈರಿಗೆ. ಉಳಿದದ್ದು ಮೊಮ್ಮಕ್ಕಳಿಗೆ, ಮಾವನ ಕಾಫಿಗೆ. ಅತ್ತೆಯ ತಟ್ಟೆಗೆ ನೀರು ಮಜ್ಜಿಗೆ. ಪಿತ್ತಜನಕಾಂಗ ಬಿ12 ಅನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಗಂಟು ಕರಗುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಬಿ12 ಇಳಿಯಬಹುದು; ಅತ್ತೆ ಆ ಮಾತ್ರೆಯನ್ನೂ ನುಂಗುತ್ತಿದ್ದರು.

ಹೀಗೆ ಪೂರ್ತಿ ಬರಿದಾದ ಮೇಲೆ ಬರೀ ಹಾಲು ಕುಡಿದು ತುಂಬಿಸಿಕೊಳ್ಳಲು ಆಗುವುದಿಲ್ಲ, ಇಂಜೆಕ್ಷನ್ನೋ ಮಾತ್ರೆಯೋ ಬೇಕೇ ಬೇಕು. ಅಂಗಡಿಯಿಂದ ಫೋಲಿಕ್ ಆಸಿಡ್ ಮಾತ್ರೆಯೊಂದನ್ನೇ ತಂದು ನುಂಗುವುದು ಇನ್ನೂ ಅಪಾಯ: ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಕೆಡುತ್ತಲೇ ಹೋಗುತ್ತದೆ. ಕಾಲು ಜೋಮು ಹಿಡಿಯುತ್ತಿದ್ದರೆ ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ.

ಅತ್ತೆಗೆ ಮೊದಲು ದಿನ ಬಿಟ್ಟು ದಿನ ಇಂಜೆಕ್ಷನ್ ಕೊಟ್ಟರು, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ನಾಲಿಗೆಯ ಉರಿ ಕೆಲವೇ ವಾರಗಳಲ್ಲಿ ಹೋಯಿತು. ಪಾದದ ಜೋಮು ಪೂರ್ತಿ ಹೋಗಿಲ್ಲ, ತಡವಾಗಿತ್ತು. ಈಗ ಬೆಳಿಗ್ಗೆ ಹಾಲು ಕರೆದ ಕೂಡಲೇ ಸೊಸೆ ಒಂದು ಲೋಟ ಬೇರೆ ತೆಗೆದಿಟ್ಟು, ಕಾಯಿಸಿ ಕೈಗೆ ಕೊಡುತ್ತಾಳೆ. “ಮಕ್ಳಿಗೆ ಕೊಡವ್ವ” ಎನ್ನುತ್ತಾರೆ ಅತ್ತೆ, ಇವತ್ತಿಗೂ. ಅವರು ಕುಡಿದು ಲೋಟ ಕೆಳಗಿಡುವವರೆಗೂ ಸೊಸೆ ಕ್ಯಾನಿನ ಮುಚ್ಚಳ ಹಾಕುವುದಿಲ್ಲ.