ಹಳೇ ಕಾರಿಗೆ ಹೊಸ ಬಣ್ಣ: ಉಳಿಸಿದ ಹಣವನ್ನು ತೆರುವವರು ಯಾರು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದಲೂ ಕೇಳಿದ್ದೇವೆ. ಬಡವನು ತನ್ನ ಖರ್ಚನ್ನು ಕಡಿಮೆ ಮಾಡಿಕೊಳ್ಳುವದು ತಪ್ಪಲ್ಲ. ಅದು ಅವನಿಗೆ ಅವಶ್ಯವೂ ಮರ್ಯಾದೆಯೂ ಆಗಿದೆ. ಆದರೆ ಉಳಿತಾಯಗಳೆಲ್ಲಾ ಒಂದೇ ಜಾತಿಯವಲ್ಲ. ಒಬ್ಬನು ಉಳಿಸಿದ ಹಣವನ್ನು ಕೆಲವು ಸಾರಿ ಅವನೇ ತನ್ನ ದುಡಿಮೆಯಿಂದ ತೆರುತ್ತಾನೆ. ಕೆಲವು ಸಾರಿ ಮತ್ತೊಬ್ಬನು ತಾನು ತೆರುತ್ತಿರುವೆನೆಂದು ತಿಳಿಯದೆಯೇ ತೆರುತ್ತಾನೆ. ಈ ಎರಡನ್ನೂ ಹೇಗೆ ಬೇರ್ಪಡಿಸಬೇಕು? ಇದನ್ನು ವಿಚಾರಿಸುವದಕ್ಕೆ ದೊಡ್ಡ ಗ್ರಂಥಗಳು ಬೇಕಾಗಿಲ್ಲ. ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಯಲ್ಲಿ ಒಬ್ಬ ಗೃಹಸ್ಥನು ತನ್ನ ಮನೆಯ ಅಂಗಳದಲ್ಲಿ ಹಳೇ ಕಾರಿಗೆ ಬಣ್ಣ ಬಳಿಯುವ ಕೆಲಸವೊಂದೇ ಸಾಕು.

ಅಂಥವನೊಬ್ಬನನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಅವನಲ್ಲಿ ಒಂದು ಮಾರುತಿ 800 ಕಾರು ಉಂಟು. 1983ರಿಂದ 2014ರ ವರೆಗೆ ತಯಾರಾದ ಈ ಚಿಕ್ಕ ಕಾರು ಎಷ್ಟೋ ಸಾಮಾನ್ಯ ಕುಟುಂಬಗಳಿಗೆ ಮೊದಲನೆಯ ಕಾರಾಗಿತ್ತು. ಅದಕ್ಕೆ ಈಗ 15 ವರ್ಷಗಳು ತುಂಬಿವೆ. ಅಷ್ಟು ವರ್ಷ ತುಂಬಿದ ಸ್ವಂತ ವಾಹನವನ್ನು ಅಧಿಕಾರಿಗೆ ತೋರಿಸಿ, ಅದು ರಸ್ತೆಗೆ ಯೋಗ್ಯವೆಂದು ಒಪ್ಪಿಸಿ, ನೋಂದಣಿಯನ್ನು ಐದು ವರ್ಷಗಳಿಗೆ ಮುಂದುವರಿಸಿಕೊಳ್ಳಬೇಕು. ಈ ಶುಲ್ಕವೂ 2022ರ ಏಪ್ರಿಲ್ ತಿಂಗಳಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಕಾರಿನ ಮೈಯಾದರೋ ಬಿಸಿಲಿಗೆ ಮಾಸಿದೆ, ಅಲ್ಲಲ್ಲಿ ಸಿಪ್ಪೆ ಎದ್ದಿದೆ, ಬಾಗಿಲುಗಳ ಅಂಚಿನಲ್ಲಿ ತುಕ್ಕು ಕಾಣುತ್ತದೆ. ಪಟ್ಟಣದ ಗ್ಯಾರೇಜಿನಲ್ಲಿ ಕೇಳಿದ ಹಣವು ಅವನ ಎರಡು ತಿಂಗಳ ಸಂಪಾದನೆಗಿಂತ ಹೆಚ್ಚು. ಆದದರಿಂದ ತಾನೇ ಬಳಿಯಬೇಕೆಂದು ನಿಶ್ಚಯಿಸುತ್ತಾನೆ. ಅವನು ಎಲ್ಲೆಲ್ಲಿ ಉಳಿಸಬಹುದು, ಎಲ್ಲೆಲ್ಲಿ ಉಳಿಸಬಾರದು?

ಮೊದಲು ಹೊಳಪಿನ ವಿಷಯ. ಕೈಯಿಂದ ಬಳಿದ ಬಣ್ಣವು ಗ್ಯಾರೇಜಿನ ಬಣ್ಣದ ಹಾಗೆ ಕನ್ನಡಿಯಂತೆ ಹೊಳೆಯುವದು ಕಷ್ಟವೇ. ಆದರೆ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಯಾಕಂದರೆ ಮೊದಮೊದಲಿನ ಮೋಟಾರುಗಳಿಗೆ ಕುದುರೆ ಸಾರೋಟುಗಳಿಗೆ ಬಳಿಯುತ್ತಿದ್ದಂತೆ ಕುಂಚದಿಂದಲೇ ಬಣ್ಣವನ್ನೂ ವಾರ್ನಿಷನ್ನೂ ಬಳಿಯುತ್ತಿದ್ದರು. ಒಂದೊಂದು ಲೇಪನವೂ ಒಣಗುವ ತನಕ ಕಾದು ಕೆಲಸ ಮುಗಿಯಬೇಕಾದರೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಅಮೇರಿಕದ ಡ್ಯೂಪಾಂಟ್ ಕಂಪೆನಿಯವರು ಬೇಗನೆ ಒಣಗುವ ಡ್ಯೂಕೊ ಎಂಬ ಬಣ್ಣವನ್ನು ಹೊರಡಿಸಿದ ಮೇಲೆಯೇ ಗಾಳಿಯ ಒತ್ತಡದಿಂದ ಸಿಂಪಡಿಸುವ ಪದ್ಧತಿಯು ಬಲವಾಗಿ ಹರಡಿತು. ಆ ಕಂಪೆನಿಯ ಹೆಸರನ್ನು ಅರಿಯದ ನಮ್ಮ ಕಡೆಯ ಕೆಲಸಗಾರರೂ ಸಿಂಪಡಿಸಿದ ಬಣ್ಣಕ್ಕೆ ಇಂದಿಗೂ ಡ್ಯೂಕೊ ಎನ್ನುವದುಂಟು.

ಹಾಗಾದರೆ ನಮ್ಮ ಗೃಹಸ್ಥನು ಕಂಪ್ರೆಸರನ್ನು ಬಾಡಿಗೆಗೆ ತರದೆ, ಸಿಂಥೆಟಿಕ್ ಎನಾಮಲ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ, ನುಣುಪಾದ ಸ್ಪಂಜಿನ ರೋಲರಿನಿಂದ ಬಳಿಯಲಿ. ಇಂಥ ಚಿಕ್ಕ ಕಾರಿನ ಹೊರಮೈಗೆ ಸಾಮಾನ್ಯವಾಗಿ 2–3 ಲೀಟರು ಸಾಕಾಗುತ್ತದೆ. ಒಂದು ದಪ್ಪ ಲೇಪನಕ್ಕಿಂತ ನಾಲ್ಕೈದು ತೆಳು ಲೇಪನಗಳು ಮೇಲು. ಒಂದೊಂದನ್ನೂ ಒಂದು ದಿನವಾದರೂ ಒಣಗಲು ಬಿಟ್ಟು, ನಡುನಡುವೆ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಮೊದಲು 600, ಕಡೆಗೆ 1000, 1500 ನಂಬರಿನದರಿಂದ ಉಜ್ಜಿ, ಬಣ್ಣವು ಚೆನ್ನಾಗಿ ಗಟ್ಟಿಯಾದ ಮೇಲೆ ಪಾಲಿಷ್ ಮಾಡಿದರೆ ಮೈ ಒಪ್ಪವಾಗುತ್ತದೆ. ಹಣ ಕಡಿಮೆ; ತೋಳಿನ ನೋವು ಹೆಚ್ಚು. ಹತ್ತು ದಿವಸದ ಕೆಲಸಕ್ಕೆ ತಿಂಗಳು ಹಿಡಿದೀತು. ಹತ್ತಿರದಿಂದ ನೋಡಿದರೆ ಗೆರೆಗಳು ಕಂಡಾವು, ನೆಂಟರು ನಕ್ಕಾರು. ಆದರೆ ಈ ಉಳಿತಾಯದ ಬೆಲೆಯನ್ನೆಲ್ಲಾ ತೆತ್ತವನು ಅವನೇ. ಇಂಥ ಉಳಿತಾಯವು ಶುದ್ಧವಾದದ್ದು. ಇದಕ್ಕೆ ಯಾರಿಗೂ ಉತ್ತರ ಕೊಡಬೇಕಾದದ್ದಿಲ್ಲ.

ಎರಡನೆಯದು ತುಕ್ಕಿನ ವಿಷಯ. ಇಲ್ಲಿ ಶೋಧನೆಯು ಪ್ರಾರಂಭವಾಗುತ್ತದೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗಲಿದಲ್ಲಿ ತುಕ್ಕು ಹುಟ್ಟುತ್ತದೆ. ಅದನ್ನು ಪೂರ್ಣವಾಗಿ ಕೆರೆದು ತೆಗೆಯದೆ ಮೇಲೆ ಬಣ್ಣ ಬಳಿದರೆ ಅದು ಒಳಗೊಳಗೇ ಬೆಳೆದು, ಕೆಲವು ತಿಂಗಳಲ್ಲಿ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಆದದರಿಂದ 80 ನಂಬರಿನ ಎಮರಿ ಪೇಪರಿನಿಂದ ತಗಡು ಬೆಳ್ಳಗೆ ಕಾಣುವ ವರೆಗೂ ಉಜ್ಜಿ, ಅಂದೇ ರೆಡ್ ಆಕ್ಸೈಡ್ ಪ್ರೈಮರನ್ನು ಬಳಿಯಬೇಕು. ತಗಡು ತೂತಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಬೇಕು. ಇದು ಹಣದ ಕೆಲಸ. ತೂತಿನ ಮೇಲೆ ಪುಟ್ಟಿಯನ್ನು ಮೆತ್ತಿ ಉಜ್ಜಿ ಬಣ್ಣ ಬಳಿದರೆ ಒಂದೇ ಮಧ್ಯಾಹ್ನದಲ್ಲಿ ಸ್ವಲ್ಪ ಖರ್ಚಿನಲ್ಲಿ ಮುಗಿಯುತ್ತದೆ, ನೋಡುವವರ ಕಣ್ಣಿಗೆ ಎರಡೂ ಒಂದೇ. ಆದರೆ ಪುಟ್ಟಿಯು ತೇವವನ್ನು ಹೀರುತ್ತದೆ, ಅದಕ್ಕೆ ಭಾರ ಹೊರುವ ಶಕ್ತಿಯೂ ಇಲ್ಲ.

ಇದನ್ನು ಅಲ್ಪ ಸಂಗತಿಯೆಂದು ಎಣಿಸಬಾರದು. ಲಾರಿಗೆ ಕೆಳಗಡೆ ಬೇರೆಯಾದ ಚಾಸಿಯು ಇರುತ್ತದೆ. ಮಾರುತಿ 800ರಂಥ ಕಾರಿಗೆ ಅದು ಇಲ್ಲ. ತಳದ ತಗಡು, ಬಾಗಿಲ ಕೆಳಗಿನ ಹೊಸ್ತಿಲು, ಕಂಬಗಳು, ಇವೇ ಸೇರಿ ಅದರ ಎಲುಬುಗಳಾಗಿವೆ. ಹೊಸ್ತಿಲು ಕೊಳೆತ ಕಾರು ಮತ್ತೊಂದಕ್ಕೆ ಡಿಕ್ಕಿ ಹೊಡೆದರೆ ಮುದುರಿಕೊಳ್ಳುತ್ತದೆ. ಒಳಗೆ ಕೂತಿರುವವರು ಅವನ ಹೆಂಡತಿ ಮಕ್ಕಳು. ಅಂಗಳದಲ್ಲಿ ಒಂದು ಮಧ್ಯಾಹ್ನ ಉಳಿಸಿದ ಹಣವನ್ನು ಅವರಿಂದ ಕೇಳುವ ಹಕ್ಕು ಅವನಿಗೆ ಇದೆಯೋ? ಹಿಂದಿನ ಬಾಗಿಲ ಹೊಳಪು ಹೋದರೆ ಹೋಗಲಿ, ಮೇಲಿನ ಲೇಪನಗಳಲ್ಲಿ ಎರಡು ಕಡಿಮೆಯಾಗಲಿ. ಬೆಸುಗೆಯ ಹಣವು ಮೊದಲು ಸಲ್ಲಬೇಕು. ಆ ಹಣವು ಇಲ್ಲವೇ ಇಲ್ಲವೆಂದರೆ, ಅದು ಸೇರುವ ತನಕ ಕಾರು ಅಂಗಳದಲ್ಲಿ ನಿಲ್ಲಬೇಕು.

ಮೂರನೆಯದು ನೆರೆಯವರ ವಿಷಯ. ಎರಡು ಡಬ್ಬಿಗಳನ್ನು ಬೆರೆಸಿ ಸಿಂಪಡಿಸುವ ಪಿ.ಯು. ಬಣ್ಣವು ಬಹಳ ಸೊಗಸಾದದ್ದು. ಆದರೆ ಅದರ ಹಾರ್ಡನರಿನಲ್ಲಿ ಐಸೊಸೈನೇಟ್ ಎಂಬ ದ್ರವ್ಯವಿರುತ್ತದೆ. ಅದರ ಮಂಜು ಶ್ವಾಸಕೋಶವನ್ನು ಸೇರಿದರೆ ಉಬ್ಬಸವು ಹುಟ್ಟಬಹುದು; ಒಮ್ಮೆ ಹತ್ತಿದ ಮೇಲೆ ಸ್ವಲ್ಪ ತಗಲಿದರೂ ಮರುಕಳಿಸಬಹುದು. ಮೂಗಿಗೆ ಕಟ್ಟಿದ ವಸ್ತ್ರವು ಇದನ್ನು ತಡೆಯಲಾರದು. ಅದಕ್ಕೋಸ್ಕರ ವ್ಯವಸ್ಥೆಯುಳ್ಳ ಕಾರ್ಖಾನೆಗಳಲ್ಲಿ ಮುಚ್ಚಿದ ಕೋಣೆಯನ್ನು ಕಟ್ಟಿ, ಕೆಲಸಗಾರನಿಗೆ ಕೊಳವೆಯಿಂದ ಶುದ್ಧ ಗಾಳಿಯನ್ನು ಕೊಡುತ್ತಾರೆ. ಇಂಥ ಕೋಣೆಯ ಖರ್ಚನ್ನು ಉಳಿಸಿ ಬೀದಿಯ ಅಂಗಳದಲ್ಲಿ ಸಿಂಪಡಿಸಿದರೆ, ಉಳಿದ ಹಣವನ್ನು ತೆರುವವರು ಪಕ್ಕದ ಮನೆಯ ಮಕ್ಕಳು. ಹಾಗೆಯೇ ಹಳೇ ಬಣ್ಣದಲ್ಲಿ ಸೀಸವು ಇರಬಹುದಾದದರಿಂದ ಒಣಗಾಗಿ ಉಜ್ಜಿ ಧೂಳೆಬ್ಬಿಸದೆ ನೀರಿಟ್ಟು ಉಜ್ಜಬೇಕು. ಆ ಕೆಸರನ್ನೂ ಉಳಿದ ಥಿನ್ನರನ್ನೂ ಕಾಲುವೆಗೆ ಸುರಿಯಬಾರದು. ಕಬಿನಿಯ ಕಾಲುವೆಯ ನೀರು ಒಬ್ಬನ ಗದ್ದೆಯಲ್ಲಿ ನಿಲ್ಲದೆ ಮುಂದಿನವನ ಗದ್ದೆಗೆ ಹೋಗುತ್ತದೆಂಬದನ್ನು ನಮ್ಮ ರೈತರಿಗೆ ಬೇರೆ ಕಲಿಸಬೇಕಾಗಿಲ್ಲ.

ನಾಲ್ಕನೆಯದು ಮಾರಾಟದ ವಿಷಯ. ಇದೇ ಎಲ್ಲಕ್ಕಿಂತ ಕಠಿಣವಾದದ್ದು. ಬಣ್ಣ ಬಳಿದ ಕಾರನ್ನು ಒಂದು ದಿನ ಮಾರಬೇಕಾಗುತ್ತದೆ. ಹೊಸ ಬಣ್ಣದ ಕೆಳಗೆ ಏನಿದೆಯೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೇಳಬೇಕೋ, ಸುಮ್ಮನಿರಬಹುದೋ?

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಪ್ರಕರಣದಲ್ಲಿ ಇದಕ್ಕೆ ಹತ್ತಿರವಾದ ಒಂದು ದೃಷ್ಟಾಂತವುಂಟು. ಒಬ್ಬನು ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷವನ್ನು ಕುರಿತು ಬಾಯಿ ಬಿಡುವದಿಲ್ಲ. ಇದು ವಂಚನೆಯಲ್ಲವೆಂದು ಕಾಯಿದೆಯು ಹೇಳುತ್ತದೆ. ಆದರೆ ಕೊಳ್ಳುವವಳು ಆಗ ತಾನೇ ಪ್ರಾಪ್ತವಯಸ್ಸಿಗೆ ಬಂದ ಅವನ ಸ್ವಂತ ಮಗಳಾದರೆ, ಆ ಸಂಬಂಧದ ನಿಮಿತ್ತ ಅವನು ಹೇಳತಕ್ಕದ್ದು. ಅದೇ ಪ್ರಕರಣವು ತಿಳಿದೂ ತಿಳಿದು ಒಂದು ಸಂಗತಿಯನ್ನು ಮರೆಮಾಡುವದನ್ನು ವಂಚನೆಗಳ ಪಟ್ಟಿಯಲ್ಲಿ ಸೇರಿಸಿದೆ. ಈ ಭೇದವನ್ನು ಗಮನಿಸಿರಿ. ಕುದುರೆಯವನು ಬರೇ ಸುಮ್ಮನಿದ್ದನು. ಕುಂಟುವ ಕುದುರೆಯು ಕೊಳ್ಳುವವನ ಕಣ್ಣೆದುರಿಗೆ ಕುಂಟಬಹುದಾಗಿತ್ತು. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದವನಾದರೋ ಸುಮ್ಮನಿದ್ದವನಲ್ಲ. ಅವನ ಬಾಯಿ ಮುಚ್ಚಿದ್ದರೂ ಅವನ ಬಣ್ಣವು ಮಾತಾಡುತ್ತದೆ. ಇಲ್ಲಿ ತಗಡು ಗಟ್ಟಿಯಾಗಿದೆಯೆಂದು ಸಾಕ್ಷಿ ಹೇಳುತ್ತದೆ. ಅದು ಸುಳ್ಳು ಸಾಕ್ಷಿ.

ಬಣ್ಣವು ಸತ್ಯಸಾಕ್ಷಿಯನ್ನು ಹೇಳುವದೂ ಉಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ನಗರದಲ್ಲಿ ಅರಗು ಮತ್ತು ಬಣ್ಣಗಳ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಅದೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪೆನಿ. 1962ರ ಮಹಾಚುನಾವಣೆಯಿಂದ ಮೊದಲುಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯು ಅಲ್ಲಿಯೇ ತಯಾರಾಗುತ್ತದೆ. ಇವನು ಒಂದು ಸಾರಿ ಮತ ಕೊಟ್ಟಿದ್ದಾನೆಂದು ಆ ಮಸಿಯು ಸಾರುತ್ತದೆ, ಇನ್ನೊಬ್ಬನ ಹಕ್ಕನ್ನು ಕದಿಯಗೊಡಿಸದು. ಇನ್ನು ನಂಜನಗೂಡು ತಾಲ್ಲೂಕಿನ ಇಮ್ಮಾವಿನಲ್ಲಿ 2018ರಲ್ಲಿ ಏಷ್ಯನ್ ಪೇಂಟ್ಸ್ ಕಂಪೆನಿಯವರ ಕಾರ್ಖಾನೆಯು ವರ್ಷಕ್ಕೆ 3 ಲಕ್ಷ ಕಿಲೋಲೀಟರಿನ ಸಾಮರ್ಥ್ಯದಿಂದ ಆರಂಭವಾಯಿತು. ಬಣ್ಣಕ್ಕೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಆದರೆ ಡಬ್ಬಿಯಲ್ಲಿರುವ ಬಣ್ಣವು ಸತ್ಯವನ್ನೂ ಅರಿಯದು, ಸುಳ್ಳನ್ನೂ ಅರಿಯದು. ಅದು ಏನು ಹೇಳಬೇಕೆಂಬದನ್ನು ಕುಂಚ ಹಿಡಿದ ಕೈಯೇ ನಿಶ್ಚಯಿಸುತ್ತದೆ.

ಇಲ್ಲಿ ಒಬ್ಬರು ಎದ್ದು, “ಅಯ್ಯಾ, ನೀವು ಹೇಳುವದು ಸರಿ. ಆದರೆ ಎಲ್ಲರೂ ಹೀಗೆಯೇ ಮಾರುತ್ತಾರೆ. ನಾನು ಕೊಂಡಾಗ ನನಗೆ ಯಾರೂ ಹೇಳಲಿಲ್ಲ. ಹೊಸ್ತಿಲು ಕೊಳೆತಿದೆಯೆಂದು ಹೇಳಿದರೆ ಹತ್ತು ಸಾವಿರ ಕಡಿಮೆ ಬರುತ್ತದೆ, ಅದು ನನ್ನ ಮಗಳ ಶಾಲೆಯ ಫೀಜು” ಎಂದು ಹೇಳಬಹುದು. ಈ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಸತ್ಯ ಹೇಳಿದವನಿಗೆ ಲಾಭವೇ ಆಗುತ್ತದೆಂದು ಮಾತು ಕೊಡಲಾರೆವು. ಬಹಳ ಸಾರಿ ನಷ್ಟವೇ ಆಗುತ್ತದೆ, ಬಡವನಿಗೆ ಆ ನಷ್ಟವು ಊಟದ ತಟ್ಟೆಯಲ್ಲಿಯೇ ಕಾಣುತ್ತದೆ. ಆದರೆ ಕೊಳ್ಳುವದಕ್ಕೆ ಬಂದವನನ್ನೂ ಸ್ವಲ್ಪ ನೋಡಿರಿ. ಹದಿನೈದು ವರ್ಷ ದಾಟಿದ ಚಿಕ್ಕ ಕಾರನ್ನು ಕೊಳ್ಳಲು ಸಿರಿವಂತನು ಬರುವದಿಲ್ಲ. ಬರುವವನು ಸಾಲ ಮಾಡಿ, ಹೆಂಡತಿಯ ಓಲೆಯನ್ನು ಅಡವಿಟ್ಟು, ಮುದಿ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಗಾಡಿ ಬೇಕೆಂದು ಬಂದವನು. ಅವನ ಮನೆಯಲ್ಲಿಯೂ ಶಾಲೆಗೆ ಹೋಗುವ ಮಗಳಿರಬಹುದು. ಹೇಳದೆ ಮಾರಿದರೆ ಆ ಹತ್ತು ಸಾವಿರದ ನಷ್ಟವು ಎಲ್ಲಿಯೂ ಮಾಯವಾಗುವದಿಲ್ಲ. ಒಬ್ಬ ಬಡವನ ಮನೆಯಿಂದ ಎದ್ದು ಮತ್ತೊಬ್ಬ ಬಡವನ ಮನೆಗೆ ಹೋಗಿ ಕೂಡುತ್ತದೆ, ಅಪಾಯವನ್ನೂ ಸಂಗಡ ಕರೆದುಕೊಂಡು ಹೋಗುತ್ತದೆ. “ನನಗೆ ಯಾರೂ ಹೇಳಲಿಲ್ಲ” ಎಂಬ ದುಃಖವು ಹೇಳುವದಕ್ಕೆ ಕಾರಣವಾಗಬೇಕೇ ಹೊರತು, ಹೇಳದಿರುವದಕ್ಕೆ ಅಪ್ಪಣೆಯಾಗಲಾರದು. ಸ್ವಂತ ಮಗಳಿಗಾದರೆ ಹೇಳತಕ್ಕದ್ದೆಂದು ಕಾಯಿದೆಯು ಎಲ್ಲಿ ನಿಂತಿತೋ, ನೆರೆಯವನ ಮಗಳಿಗೂ ಹೇಳತಕ್ಕದ್ದೆಂದು ಮನಸ್ಸಾಕ್ಷಿಯು ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ.

ಆದದರಿಂದ ಈ ಕೆಲಸಕ್ಕೆ ಕೈಹಾಕುವವರಿಗೆ ನಾವು ಕೊಡುವ ಬುದ್ಧಿಮಾತು ಇಷ್ಟೇ. ಮಳೆಗಾಲ ಕಳೆದು ಗಾಳಿಯಲ್ಲಿ ತೇವವು ಕಡಿಮೆಯಾದ ಜನವರಿಯಿಂದ ಮಾರ್ಚಿಯ ವರೆಗಿನ ದಿನಗಳನ್ನು ಆರಿಸಿಕೊಳ್ಳಿರಿ. ಮೊದಲಿದ್ದ ಬಣ್ಣವನ್ನೇ ಬಳಿಯಿರಿ. ಬೇರೆ ಬಣ್ಣವಾದರೆ 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ನೋಂದಣಿ ಅಧಿಕಾರಿಯ ಒಪ್ಪಿಗೆಯನ್ನು ಪಡೆದು ಪತ್ರದಲ್ಲಿ ಬರೆಯಿಸಬೇಕು. ಕೆಲಸದ ಹೊತ್ತಿನಲ್ಲಿ ಮಕ್ಕಳನ್ನೂ ಒಲೆಯ ಬೆಂಕಿಯನ್ನೂ ದೂರವಿಡಿರಿ. ಬಣ್ಣ ಬಳಿಯುವದಕ್ಕೆ ಮುಂಚೆ, ಕೆರೆದ ತಗಡಿನ ಚಿತ್ರಗಳನ್ನು ಕೈಯಲ್ಲಿರುವ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿರಿ; ಎಲ್ಲಿ ಬೆಸೆದಿರಿ, ಎಲ್ಲಿ ಪುಟ್ಟಿ ಇಟ್ಟಿರಿ ಎಂಬದನ್ನು ಒಂದು ಕಾಗದದಲ್ಲಿ ಬರೆದು ನೋಂದಣಿ ಪತ್ರದ ಸಂಗಡ ಇಡಿರಿ. ಮಾರುವ ದಿನ ಅದನ್ನು ಕೊಳ್ಳುವವನ ಕೈಗೆ ಕೊಡಿರಿ. ಬೆಲೆ ಇಳಿದರೆ ಇಳಿಯಲಿ. ಆ ಕಾರು ಹೊಸ ಮನೆಯವರನ್ನು ಕೂಡಿಸಿಕೊಂಡು ನಂಜನಗೂಡಿನ ರಸ್ತೆಯಲ್ಲಿ ನಿಮ್ಮೆದುರಿಗೆ ಬಂದಾಗ, ನೀವು ತಲೆಯೆತ್ತಿ ಅವರಿಗೆ ನಮಸ್ಕಾರ ಹೇಳಬಹುದು.