ನಗುವವರ ನಡುವೆ ಕಟ್ಟಿದ ಗುಡಿ

ತಿರುವಯ್ಯಾರಿನಲ್ಲಿ ಕಾವೇರಿ ದಂಡೆಯ ಮೇಲಿರುವ ವಾಗ್ಗೇಯಕಾರ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಗಾಯಕಿ ಬೆಂಗಳೂರು ನಾಗರತ್ನಮ್ಮ. ಸಂಗೀತದ ಒಲವಿರುವ ಕನ್ನಡಿಗರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಆ ಗುಡಿಯಲ್ಲಿ ಆರಾಧನೆಯ ಹೊತ್ತು ಹಾಡುವ ಅವಕಾಶ ಅವರಿಗೇ ಇರಲಿಲ್ಲ ಎಂಬ ಸಂಗತಿ ಅಷ್ಟಾಗಿ ಮಾತಿಗೆ ಬರುವುದಿಲ್ಲ. 1925ರ ಜನವರಿಯಲ್ಲಿ ಕುಂಭಾಭಿಷೇಕ ನಡೆಯಿತು. ಹಣ ಅವರದು, ಓಡಾಟ ಅವರದು, ನಿತ್ಯಪೂಜೆಯ ಏರ್ಪಾಡೂ ಅವರದೇ. ಹಾಡುವವರು ಮಾತ್ರ ಗಂಡಸರು. ನಾಗರತ್ನಮ್ಮನವರು ಹೆಂಗಸು, ಅದರಲ್ಲೂ ದೇವದಾಸಿ ಮನೆತನದವರು; ಅಡ್ಡಿಗೆ ಅಷ್ಟೇ ಸಾಕಾಗಿತ್ತು.

ದೇವರನ್ನು ನಂಬಿ, ಅಪಹಾಸ್ಯವನ್ನು ಎದುರಿಸಿ, ದೊಡ್ಡದೊಂದು ಕೆಲಸವನ್ನು ಮುನ್ನಡೆಸುವುದೆಂದರೆ ಏನು? ಈ ಪ್ರಶ್ನೆಗೆ ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತ ಈ ಹೆಂಗಸಿನ ಬದುಕು ಕೊಡುವ ಉತ್ತರ ಸುಲಭದ್ದಲ್ಲ. ನಂಬಿದವರು ಕೊನೆಗೆ ಗೆಲ್ಲುತ್ತಾರೆ, ನಕ್ಕವರು ತಲೆತಗ್ಗಿಸುತ್ತಾರೆ ಎಂಬ ಹರಿಕಥೆಯ ಚೌಕಟ್ಟಿಗೆ ಅದು ಪೂರ್ತಿ ಒಗ್ಗುವುದಿಲ್ಲ.

ಅವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ಮೈಸೂರಿನಲ್ಲಿ ಆಶ್ರಯ ಕೊಟ್ಟು ಸಂಸ್ಕೃತ ಕಲಿಸಿದ ವಿದ್ವಾಂಸರು ಮುನಿದು ಹೊರಹಾಕಿದಾಗ ತಾಯಿ ಮಗಳ ಕೈಹಿಡಿದು ಹೊರಬಿದ್ದರು. ಬೆಂಗಳೂರಿನಲ್ಲಿ ಪಿಟೀಲು ವಿದ್ವಾನ್ ಮುನಿಸ್ವಾಮಪ್ಪನವರ ಬಳಿ ಪಾಠವಾಯಿತು. ಅವರದು ತ್ಯಾಗರಾಜರ ಶಿಷ್ಯಪರಂಪರೆ. ಹನುಮಂತನಗರದಲ್ಲಿ ಕುಮಾರಸ್ವಾಮಿ ದೇವಸ್ಥಾನವಿರುವ ಗುಡ್ಡವನ್ನು ಹಳಬರು ಇಂದಿಗೂ ನರಹರಿರಾಯರ ಗುಡ್ಡ ಎನ್ನುತ್ತಾರಲ್ಲ, ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ಆ ನರಹರಿರಾಯರೇ ಮುಂದೆ ನಾಗರತ್ನಮ್ಮನವರಿಗೆ ಪೋಷಕರಾದರು. ಆಮೇಲೆ ಮದ್ರಾಸು, ಕಛೇರಿ, ಗ್ರಾಮಫೋನ್ ತಟ್ಟೆ, ಒಡವೆ, ಸ್ವಂತ ಮನೆ. ಅಪಹಾಸ್ಯದ ಕಥೆ ಶುರುವಾಗುವುದು ಈ ಸಿರಿಯ ನಡುವೆಯೇ.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಕಾವ್ಯ ಬರೆದಿದ್ದಳು. ನಾಗರತ್ನಮ್ಮನವರ ಕೈಗೆ ಸಿಕ್ಕ ಅಚ್ಚಿನ ಪ್ರತಿಯಲ್ಲಿ ಕವಯಿತ್ರಿಯ ವಂಶ, ಪರಿಚಯದ ಭಾಗಗಳನ್ನೇ ಕೈಬಿಟ್ಟಿದ್ದರು. ಅವರು ಹಸ್ತಪ್ರತಿ ಹುಡುಕಿ, ಹೋಲಿಸಿ ನೋಡಿ, ಪೂರ್ತಿ ಪಾಠವನ್ನು 1910ರಲ್ಲಿ ಮದ್ರಾಸಿನ ವಾವಿಳ್ಳ ಮುದ್ರಣಾಲಯದ ಮೂಲಕ ಹೊರತಂದರು. ಆಂಧ್ರದ ಸಮಾಜ ಸುಧಾರಕರಲ್ಲಿ ಮೊದಲ ಹೆಸರಾದ ಕಂದುಕೂರಿ ವೀರೇಶಲಿಂಗಂ ಅವರಿಗೆ ಹೆಣ್ಣೊಬ್ಬಳು ಇಂಥದ್ದನ್ನು ಬರೆದದ್ದೇ ನಾಚಿಕೆಗೇಡೆನಿಸಿತ್ತು. ನಾಗರತ್ನಮ್ಮನವರ ಮರುಪ್ರಶ್ನೆ ನೇರವಾಗಿತ್ತು: ನಾಚಿಕೆ ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ? ಸುಧಾರಕರ ಸ್ವಂತ ಕಾವ್ಯದಲ್ಲೇ ಇದಕ್ಕಿಂತ ಬಿಚ್ಚುಮಾತು ಇದೆಯೆಂಬುದನ್ನೂ ಅವರು ಎತ್ತಿ ತೋರಿಸಿದರು. ಸರ್ಕಾರ ಅಶ್ಲೀಲವೆಂದು ಪುಸ್ತಕವನ್ನು ನಿಷೇಧಿಸಿ ಪ್ರತಿಗಳನ್ನು ವಶಪಡಿಸಿಕೊಂಡಿತು. ಆ ನಿಷೇಧ ತೆರವಾಗಲು ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತ್ಯದ ಮಂತ್ರಿಮಂಡಲದ ಮುಖ್ಯಸ್ಥರಾಗುವವರೆಗೆ, ಅಂದರೆ ಮೂರೂವರೆ ದಶಕ ಕಾಯಬೇಕಾಯಿತು.

ಅಪಹಾಸ್ಯದ ಬಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು ಕೆಲಸದ ತಂಟೆಗೆ ಹೋಗುವುದಿಲ್ಲ. ಪಾಠ ಸರಿಯೋ ತಪ್ಪೋ, ಕಟ್ಟಡ ಗಟ್ಟಿಯೋ ಸಡಿಲವೋ ಎಂದು ಕೇಳುವುದಿಲ್ಲ. ‘ಇದನ್ನು ಮಾಡಲು ನೀನು ಯಾರು?’ ಎಂದಷ್ಟೇ ಕೇಳುತ್ತದೆ. ಟೀಕೆಗೆ ಉತ್ತರ ಕೊಡಬಹುದು, ತಿದ್ದಿಕೊಳ್ಳಬಹುದು. ಹುಟ್ಟನ್ನೇ ಎತ್ತಿ ಆಡಿದರೆ ತಿದ್ದಿಕೊಳ್ಳುವುದು ಏನನ್ನು? ದೈವನಂಬಿಕೆ ಬಲ ಕೊಡುವುದು ಇಂಥ ಹೊತ್ತಿನಲ್ಲಿ. ಕೆಲಸ ನನ್ನದಲ್ಲ, ನಾನು ಅದಕ್ಕೆ ನೇಮಕವಾದವಳು ಎಂದುಕೊಂಡ ಕೂಡಲೇ ‘ನೀನು ಯಾರು’ ಎಂಬ ಪ್ರಶ್ನೆಯ ಮೊನೆ ಮುರಿಯುತ್ತದೆ. ಯಾರೂ ಅಲ್ಲ ಎಂದು ಒಪ್ಪಿಕೊಂಡೇ ಕೆಲಸಕ್ಕೆ ಕೈಹಾಕಬಹುದು.

1921ರಲ್ಲಿ ಆದದ್ದು ಇದೇ. ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರು ತಿರುವಯ್ಯಾರಿಗೆ ಹೋಗಿ ಬಂದು, ತ್ಯಾಗರಾಜರ ಸಮಾಧಿ ಕೇಳುವವರಿಲ್ಲದೆ ಹಾಳುಬಿದ್ದಿದೆಯೆಂದು ನಾಗರತ್ನಮ್ಮನವರಿಗೆ ತಿಳಿಸಿದರು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಆ ಹೊತ್ತಿಗೆ ಮುಕ್ಕಾಲು ಶತಮಾನ ಕಳೆದಿತ್ತು. ವರ್ಷಕ್ಕೊಮ್ಮೆ ಆರಾಧನೆಯೇನೋ ನಡೆಯುತ್ತಿತ್ತು, ಅದೂ ‘ಪೆರಿಯ ಕಟ್ಚಿ’ (ದೊಡ್ಡ ಪಂಗಡ), ‘ಚಿನ್ನ ಕಟ್ಚಿ’ (ಸಣ್ಣ ಪಂಗಡ) ಎಂದು ಎರಡಾಗಿ. ನಾಗರತ್ನಮ್ಮನವರ ಚರಿತ್ರೆಯಲ್ಲಿ ಕನಸಿನಲ್ಲಿ ತ್ಯಾಗರಾಜರ ಅಪ್ಪಣೆಯಾದ ಪ್ರಸಂಗವೂ ಬರುತ್ತದೆ. ಕನಸನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಕನಸು ಕಂಡವರು ಮರುದಿನ ಏನು ಮಾಡಿದರು ಎಂಬುದು ಹೆಚ್ಚು ಮುಖ್ಯ. ಜಾಗದ ಹಕ್ಕು ಯಾರದೆಂದು ವಿಚಾರಿಸಿದರು, ಹಕ್ಕುದಾರರೊಡನೆ ಮಾತಾಡಿ ಜಾಗ ಪಡೆದರು, ಒಡವೆ ಮಾರಿದರು, ಅದೇ ವರ್ಷ ಅಡಿಗಲ್ಲು ಹಾಕಿಸಿದರು.

ನಂಬಿಕೆ ಹೀಗೆ ಕಾಗದಪತ್ರದ ಜೊತೆ ನಡೆಯುವುದು ಹೊಸತೇನಲ್ಲ. ಮಾಮೂಲ್‌ಪೇಟೆಯ ಸಂದಣಿ ದಾಟಿ ಅವೆನ್ಯೂ ರಸ್ತೆಗೆ ಬಂದರೆ ಅಂಗಡಿಗಳ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಇದೆ. ಶಾಸನ ಪಂಡಿತ ಬಿ. ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಅವರ ಹೆಸರಿನ ಆ ಚರ್ಚಿನಲ್ಲಿ ಆರಾಧನೆ ಕನ್ನಡದಲ್ಲೇ ನಡೆಯುತ್ತದೆ. ಅಲ್ಲಿ ಓದುವ ಬೈಬಲ್ಲಿನಲ್ಲಿ ನೆಹೆಮೀಯನ ಕಥೆಯಿದೆ. ಬಿದ್ದುಹೋದ ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಲು ಹೊರಟವನು ಆತ. ಸನ್ಬಲ್ಲಟ, ಟೋಬೀಯ ಎಂಬವರು ನಕ್ಕರು. ಒಂದು ನರಿ ಹತ್ತಿದರೂ ಈ ಗೋಡೆ ಕುಸಿಯುತ್ತದೆ ಎಂಬ ಅರ್ಥದ ಕುಹಕವಾಡಿದರು. ನೆಹೆಮೀಯ ಪ್ರಾರ್ಥನೆ ಮಾಡಿದ, ಜೊತೆಗೇ ಹಗಲು ರಾತ್ರಿ ಕಾವಲೂ ಇಟ್ಟ. ಗೋಡೆ 52 ದಿನಗಳಲ್ಲಿ ಮುಗಿಯಿತು. ಆದರೆ ಆತನ ಕೈಯಲ್ಲಿ ಪರ್ಷಿಯಾದ ದೊರೆ ಬರೆದುಕೊಟ್ಟ ಪತ್ರಗಳಿದ್ದವು, ಅಧಿಕಾರವಿತ್ತು, ನಕ್ಕವರು ಹೊರಗಿನವರು. ನಾಗರತ್ನಮ್ಮನವರ ಬೆನ್ನಿಗೆ ದೊರೆಯಿರಲಿಲ್ಲ. ಅವರನ್ನು ತಡೆದವರು ಹೊರಗಿನವರೂ ಅಲ್ಲ. ಅದೇ ರಾಮನನ್ನು ಪೂಜಿಸುವವರು, ಅದೇ ತ್ಯಾಗರಾಜರ ಕೃತಿಗಳನ್ನು ಹಾಡುವವರು.

ಈ ವಿಷಯದ ನಿಜವಾದ ತೊಡಕು ಇರುವುದು ಇಲ್ಲಿಯೇ. ಹೆಣ್ಣುಮಕ್ಕಳನ್ನು ದೂರವಿಟ್ಟವರಿಗೂ ದೇವರಲ್ಲಿ ನಂಬಿಕೆಯಿತ್ತು. ಸಂಪ್ರದಾಯ ಕಾಯುವುದೇ ದೇವರ ಸೇವೆ ಎಂದು ಅವರೂ ಪ್ರಾಮಾಣಿಕವಾಗಿಯೇ ತಿಳಿದಿರಬಹುದು. ಹಾಗಾದರೆ ನಂಬಿಕೆಯೊಂದೇ ಯಾರ ಪಕ್ಷ ಸರಿಯೆಂದು ಹೇಳಲಾರದು. ಅಪಹಾಸ್ಯಕ್ಕೆ ಗುರಿಯಾದದ್ದೂ ಅದನ್ನು ಹೇಳಲಾರದು. ಲೋಕ ನಗುತ್ತಿದೆ, ಆದ್ದರಿಂದ ನಾನು ಸರಿ ಎಂದುಕೊಳ್ಳುವ ಹಟಮಾರಿಗಳು ಎಲ್ಲ ಕಾಲದಲ್ಲೂ ಇದ್ದಾರೆ, ಅವರಲ್ಲಿ ಎಷ್ಟೋ ಮಂದಿ ದೇವರ ಹೆಸರನ್ನೇ ಹೇಳುತ್ತಾರೆ.

ನಾಗರತ್ನಮ್ಮನವರ ಬದುಕಿನಲ್ಲೇ ಇದಕ್ಕೆ ಉದಾಹರಣೆಯಿದೆ, ಅದನ್ನು ಮುಚ್ಚಿಡುವುದು ಅವರಿಗೆ ಗೌರವ ತಂದಂತಾಗದು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದ್ರಾಸ್ ವಿಧಾನ ಪರಿಷತ್ತಿನಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ದನಿಯೆತ್ತಿದಾಗ, ಅದನ್ನು ವಿರೋಧಿಸಿದ ದೇವದಾಸಿಯರ ಸಂಘದ ಮುಂದಾಳುಗಳಲ್ಲಿ ನಾಗರತ್ನಮ್ಮ ಒಬ್ಬರು. ನಮ್ಮದು ಕಲೆಯ, ಭಕ್ತಿಯ ಪರಂಪರೆ. ಅದನ್ನು ವೇಶ್ಯಾವೃತ್ತಿಯೊಡನೆ ಸೇರಿಸಿ ಅಳಿಸಬೇಡಿ ಎಂಬುದು ಅವರ ವಾದ. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯದವರು. ಆಕೆಯೂ ಕುಹಕ ಕೇಳಿದವರೇ, ಆಕೆಯದೂ ಕಷ್ಟದ ಕೆಲಸವೇ. ಕೊನೆಗೆ 1947ರಲ್ಲಿ ಮದ್ರಾಸಿನಲ್ಲಿ ಕಾನೂನು ಬಂತು. ಹರಕೆಯ ಹೆಸರಿನಲ್ಲಿ ಎಳೆಯ ಹುಡುಗಿಯರನ್ನು ದೇವರಿಗೆ ಬಿಡುವ ಪದ್ಧತಿ ನಿಲ್ಲಲೇಬೇಕಿತ್ತು. ಆ ಮಟ್ಟಿಗೆ ಮುತ್ತುಲಕ್ಷ್ಮಿಯವರೇ ಸರಿ. ಆದರೆ ಆ ಕಾನೂನಿನ ಜೊತೆಗೆ ಒಂದು ಇಡೀ ಸಮುದಾಯದ ವಿದ್ಯೆ, ಆಸ್ತಿ, ಮರ್ಯಾದೆ ಕೈತಪ್ಪಿತೆಂಬ ನಾಗರತ್ನಮ್ಮನವರ ಆತಂಕವೂ ಸುಳ್ಳಾಗಲಿಲ್ಲ. ಇಬ್ಬರು ದಿಟ್ಟ ಹೆಂಗಸರು ಎದುರುಬದುರು ನಿಂತಾಗ, ನಗುವವರು ಯಾರ ಕಡೆಗಿದ್ದಾರೆಂದು ಎಣಿಸಿ ತೀರ್ಪು ಕೊಡಲಾಗುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಆ ನಂಬಿಕೆಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು. ತಿರುವಯ್ಯಾರಿನಲ್ಲಿ ಹೆಣ್ಣುಮಕ್ಕಳನ್ನು ತಡೆದ ಗಂಡಸರ ನಂಬಿಕೆಗೆ ಬೆಲೆ ತೆತ್ತವರು ಆ ಹೆಣ್ಣುಮಕ್ಕಳು. ಗುಡಿ ಕಟ್ಟಿಸಿದ ನಂಬಿಕೆಗೆ ಬೆಲೆ ತೆತ್ತವರು ನಾಗರತ್ನಮ್ಮನವರೇ. ತಮ್ಮನ್ನು ಒಳಗೆ ಬಿಡದವರಿಗೂ ಅವರು ಬಾಗಿಲು ಮುಚ್ಚಲಿಲ್ಲ. ಹಕ್ಕು ಕೈಯಲ್ಲಿದ್ದವರು ಗುಡಿಗೆ ಬೀಗ ಜಡಿಯಬಹುದಿತ್ತು. ಅದರ ಬದಲು ಸಮಾಧಿಯ ಹಿಂಬದಿಯಲ್ಲಿ ಹೆಂಗಸರನ್ನು ಕೂಡಿಸಿಕೊಂಡು 1927ರಿಂದ ತಮ್ಮದೇ ಆರಾಧನೆ ಶುರುಮಾಡಿದರು. ಜನ ಅದನ್ನು ‘ಪೆಣ್‌ಗಳ್ ಕಟ್ಚಿ’, ಹೆಂಗಸರ ಪಂಗಡ, ಎಂದು ಕರೆದರು. ಮುಂದೆ ಹಾಡುವವರು ಹಾಡಲಿ, ನಾವು ಹಿಂದೆ ಹಾಡುತ್ತೇವೆ ಎಂಬ ಈ ನಿಲುವಿನಲ್ಲಿ ಸೋಲು ಕಂಡವರಿರಬಹುದು. ಈ ಲೇಖನಕ್ಕೆ ಕಾಣುವುದು ಹಟಕ್ಕೂ ನಂಬಿಕೆಗೂ ಇರುವ ಅಂತರ. ಹಟ ಗೆದ್ದದ್ದು ಇವತ್ತೇ ಕಾಣಬೇಕೆನ್ನುತ್ತದೆ. ನಾಗರತ್ನಮ್ಮನವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬದಿಯಲ್ಲಿ ಕೂತು ಹಾಡಿದರು. 1940ರ ಸುಮಾರಿಗೆ ಮೂರು ಪಂಗಡಗಳೂ ಒಂದಾದವು. ಹೆಂಗಸರು ಆರಾಧನೆಯಲ್ಲಿ ಎಲ್ಲರ ಜೊತೆ ಹಾಡತೊಡಗಿದರು.

ಬೆಂಗಳೂರಿನ ಸಂಗೀತಪ್ರಿಯರು ಇದನ್ನು ತಮ್ಮ ಮನೆಯ ಲೆಕ್ಕವಾಗಿಯೂ ನೋಡಬೇಕು. ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜದಲ್ಲಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಲ್ಲಿ ಗಾಯಕಿಯರು ಹಾಡುವುದು ಇವತ್ತು ಯಾರಿಗೂ ವಿಶೇಷವೆನಿಸುವುದಿಲ್ಲ. ಬಸವನಗುಡಿಯ ಹುಡುಗಿ ತಂಬೂರಿ ಹಿಡಿದರೆ ಮನೆಯವರು ಸಂಭ್ರಮಪಡುತ್ತಾರೆ. ಆದರೆ ಆ ಹುಡುಗಿಗೆ ದಾರಿ ಮಾಡಿಕೊಟ್ಟ ಮನೆತನಗಳ ಹೆಸರನ್ನು ಹೇಳಲು ಇಂದಿಗೂ ಎಷ್ಟೋ ಮಂದಿ ದನಿ ತಗ್ಗಿಸುತ್ತಾರೆ. ಆ ಸಂಕೋಚ ನಾಗರತ್ನಮ್ಮನವರಿಗೆ ಇರಲಿಲ್ಲ. ಮುದ್ದುಪಳನಿಯ ವಂಶದ ಪರಿಚಯವನ್ನು ಹುಡುಕಿ ಮತ್ತೆ ಪುಸ್ತಕದೊಳಗೆ ಸೇರಿಸಿದವರು ಅವರು.

1952ರ ಮೇ ತಿಂಗಳಲ್ಲಿ ನಾಗರತ್ನಮ್ಮನವರು ತೀರಿಕೊಂಡರು. ಅವರ ಸಮಾಧಿಯೂ ತ್ಯಾಗರಾಜರ ಸಮಾಧಿಯ ಹತ್ತಿರದಲ್ಲೇ ಇದೆ. ತೀರಿಕೊಳ್ಳುವ ಮೂರು ವರ್ಷ ಮೊದಲೇ ಅವರು ಉಯಿಲು ಬರೆದು, ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬಿಟ್ಟು, ಆ ಸನ್ನಿಧಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಉಳಿಯಬೇಕೆಂದು ಸೇರಿಸಿದ್ದರು. ಇಡೀ ಬದುಕನ್ನು ರಾಮನ ಮೇಲೆ ಭಾರ ಹಾಕಿ ನಡೆಸಿದವರು ಈ ಒಂದು ವಿಷಯವನ್ನು ಮಾತ್ರ ವಕೀಲರ ಭಾಷೆಯಲ್ಲಿ ಕಾಗದದ ಮೇಲೆ ಇಳಿಸಿದರು. ತಮ್ಮ ನಂತರ ಅಲ್ಲಿ ಆಡಳಿತ ನಡೆಸುವವರೂ ದೇವರನ್ನು ನಂಬಿದವರೇ ಆಗಿರುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.